ಗುಡ್ಡದ ಮೇಲಿನ ಬೆಳಕು: ದೆವ್ವವೋ, ತಟ್ಟೆಯೋ, ಬೆಳ್ಳಿಯೋ?

ಕೊಟ್ಟಿಗೆಹಾರದಲ್ಲಿ ಬಸ್ಸು ಕಾಯುವವರಿಗೆ ಎರಡೇ ಕೆಲಸ. ಒಂದು, ನೀರುದೋಸೆ ತಿನ್ನುವುದು. ಇನ್ನೊಂದು, ಆಕಾಶ ನೋಡುವುದು. 2021ರ ಡಿಸೆಂಬರ್ ಮೊದಲ ವಾರದ ಒಂದು ಸಂಜೆ ಈ ಅಂಕಣಕಾರ ಮೊದಲನೇ ಕೆಲಸ ಮುಗಿಸಿ ಎರಡನೆಯದಕ್ಕೆ ತೊಡಗಿದ್ದ. ಆಗ ಚಾರ್ಮಾಡಿ ಕಡೆಯ ಗುಡ್ಡದ ನೆತ್ತಿಯ ಮೇಲೆ ಒಂದು ಬೆಳಕು ನಿಂತಿತ್ತು. ಸಣ್ಣದಲ್ಲ. ಯಾರೋ ಪೆಟ್ರೋಮ್ಯಾಕ್ಸ್ ಹೊತ್ತಿಸಿ ಮರದ ತುದಿಗೆ ನೇತುಹಾಕಿದಂತೆ ಇತ್ತು.

"ಎಂತ ಅದು ಮಾರಾಯ್ರೆ, ಅಷ್ಟು ದೊಡ್ಡದು?" ಎಂದರು ಪಕ್ಕದ ಅಂಗಡಿಯವರು.

"ಅದು ಮೂರು ದಿವಸದಿಂದ ಬರ್ತಾ ಉಂಟು ಶೆಟ್ರೇ. ಬಣಕಲ್ಲಿನಿಂದ ಇಲ್ಲಿವರೆಗೆ ನಮ್ಮ ಬಸ್ಸಿನ ಜತೆಗೇ ಓಡಿ ಬರ್ತದೆ. ಬಸ್ಸು ನಿಂತ್ರೆ ಅದೂ ನಿಲ್ತದೆ" ಎಂದ ಕಂಡಕ್ಟರ್.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಒಬ್ಬರು ಅದು ಡ್ರೋನು, ಕಳ್ಳರು ಕಾಫಿ ಕಣ ಎಲ್ಲೆಲ್ಲಿದೆ ಅಂತ ನೋಡಿಕೊಳ್ಳಲು ಬಿಟ್ಟಿದ್ದಾರೆ ಅಂದರು. ಇನ್ನೊಬ್ಬರು ಹಾರುವ ತಟ್ಟೆ ಅಂದರು. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಹಿರಿಯರು ಮಾತ್ರ ಮೆಲ್ಲಗೆ, "ಕೊಳ್ಳಿದೆವ್ವಕ್ಕೆ ಈಗಿನವರು ಎಂತೆಂತ ಹೆಸರು ಇಡ್ತಾರಪ್ಪ" ಅಂದು ಸುಮ್ಮನಾದರು.

ಇಷ್ಟೇ ಆಗಿದ್ದರೆ ನಕ್ಕು ಬಸ್ಸು ಹತ್ತಬಹುದಿತ್ತು. ಆದರೆ ಅದು ಕಾಫಿ ಕೊಯ್ಲಿನ ಕಾಲ. ಲೈನ್‌ಮನೆಯ ಹೆಂಗಸರು ಕತ್ತಲಾದ ಮೇಲೆ ಕಣದಲ್ಲಿ ಹರಡಿದ ಹಣ್ಣಿಗೆ ಟಾರ್ಪಾಲು ಮುಚ್ಚಲು ಹೊರಗೆ ಬರುತ್ತಿಲ್ಲ, ಒಂದು ಕಡೆ ಅಪರಿಚಿತ ಬೈಕಿನವನನ್ನು ತಡೆದು ವಿಚಾರಣೆ ಮಾಡಿದರು ಎಂಬ ಮಾತು ಅದೇ ಬೆಂಚಿನ ಮೇಲೆ ಕೇಳಿಬಂತು. ಬೆಳಕು ಆಕಾಶದಲ್ಲಿದ್ದರೂ ಅದರ ಭಯ ನೆಲದ ಮೇಲೆ ಓಡಾಡುತ್ತಿತ್ತು. ಹಾಗಾಗಿ ಈ ಅಂಕಣಕಾರ ಒಂದು ಸಣ್ಣ ತನಿಖೆಗೆ ಇಳಿಯಬೇಕಾಯಿತು.

ಮೂರು ಸಂಜೆಯ ತನಿಖೆ

ಖರ್ಚು ಹೆಚ್ಚಿಲ್ಲ. ಒಂದು ವಾಚು, ಒಂದು ನೋಟ್‌ಬುಕ್ಕು, ಹಕ್ಕಿ ನೋಡುವ ಮಿತ್ರರೊಬ್ಬರಿಂದ ಎರವಲು ತಂದ ಬೈನಾಕ್ಯುಲರ್. ಅದೇ ಅಂಗಡಿಯ ಅದೇ ಕಂಬಕ್ಕೆ ಒರಗಿ ಮೂರು ಸಂಜೆ ನೋಡಿದ್ದಾಯಿತು.

ಮೊದಲನೇ ಸಂಜೆ: ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೇ ನೈರುತ್ಯ ದಿಕ್ಕಿನಲ್ಲಿ ಬೆಳಕು ಹಾಜರು. ನಿಧಾನವಾಗಿ ಕೆಳಗಿಳಿದು, ಎಂಟು ಗಂಟೆ ದಾಟಿದ ಮೇಲೆ ಗುಡ್ಡದ ಹಿಂದೆ ಮಾಯ. ಎರಡನೇ ಸಂಜೆ: ಅದೇ ಜಾಗ, ಹೆಚ್ಚುಕಡಿಮೆ ಅದೇ ಹೊತ್ತು. ಮೂರನೇ ಸಂಜೆಯೂ ಹಾಗೇ. ಇಷ್ಟೊಂದು ಸಮಯಪಾಲನೆ ನಮ್ಮ ಕಳಸದ ಬಸ್ಸಿಗೂ ಇಲ್ಲ, ಕಳ್ಳರಿಗಂತೂ ಇರುವುದಿಲ್ಲ. ದೆವ್ವಗಳ ವಿಷಯ ಬಲ್ಲವರೇ ಹೇಳಬೇಕು.

ಬೈನಾಕ್ಯುಲರನ್ನು ಕಂಬಕ್ಕೆ ಒತ್ತಿ ಹಿಡಿದು ನೋಡಿದಾಗ ಗುಟ್ಟು ರಟ್ಟಾಯಿತು. ಬೆಳಕು ಗುಂಡಗೆ ಇರಲಿಲ್ಲ. ಬಿದಿಗೆಯ ಚಂದ್ರನನ್ನು ಸಾಸಿವೆಯಷ್ಟು ಸಣ್ಣದು ಮಾಡಿದರೆ ಹೇಗಿರುತ್ತದೋ ಹಾಗೆ, ಒಂದು ಪುಟ್ಟ ಕುಡುಗೋಲು. ಅಂಗಡಿಯ ಶೆಟ್ಟರಿಗೂ ತೋರಿಸಿದ್ದಾಯಿತು. "ಇದು ಅರ್ಧ ತಿಂದ ಚಂದ್ರನ ಹಾಗೆ ಉಂಟಲ್ಲ!" ಎಂದರು.

ಅದು ಶುಕ್ರ. ನಮ್ಮ ಅಜ್ಜಿಯರ ಬೆಳ್ಳಿ ಚುಕ್ಕಿ. ಚಂದ್ರನ ಹಾಗೆ ಶುಕ್ರನಿಗೂ ವೃದ್ಧಿ ಕ್ಷಯ ಉಂಟೆಂದು ದೂರದರ್ಶಕದಲ್ಲಿ ಮೊದಲು ಕಂಡವನು ಇಟಲಿಯ ಗೆಲಿಲಿಯೋ. 1610ರಲ್ಲಿ. ಆತ ಕಂಡದ್ದನ್ನೇ ನಾವು ಕೊಟ್ಟಿಗೆಹಾರದ ಕಂಬಕ್ಕೆ ಒರಗಿ ಕಂಡೆವು.

ಬಸ್ಸಿನ ಜತೆ ಓಡಿದ್ದು ಹೇಗೆ?

ಕಂಡಕ್ಟರ್ ಹೇಳಿದ್ದು ಸುಳ್ಳಲ್ಲ. ಅವನ ಕಣ್ಣಿಗೆ ಹಾಗೇ ಕಂಡಿದೆ. ಬಸ್ಸಿನ ಕಿಟಕಿಯಿಂದ ನೋಡಿ: ರಸ್ತೆ ಬದಿಯ ಸಿಲ್ವರ್ ಓಕ್ ಮರಗಳು ರೊಯ್ಯನೆ ಹಿಂದಕ್ಕೆ ಓಡುತ್ತವೆ. ಆಚೆಯ ತೋಟ ನಿಧಾನ ಸರಿಯುತ್ತದೆ. ದೂರದ ಗುಡ್ಡ ಅಲ್ಲಾಡುವುದೇ ಕಡಿಮೆ. ಹಾಗಿದ್ದ ಮೇಲೆ ಆ ದಿನಗಳಲ್ಲಿ ನಮ್ಮಿಂದ ಸುಮಾರು 6 ಕೋಟಿ ಕಿಲೋಮೀಟರ್ ದೂರದಲ್ಲಿದ್ದ ಶುಕ್ರ ಹಿಂದೆ ಉಳಿಯುವುದುಂಟೇ? ಹಿಂದೆ ಉಳಿಯದ್ದು ಜತೆಗೆ ಬಂದಂತೆ ಕಾಣುತ್ತದೆ. ಬಸ್ಸು ನಿಂತರೆ ಅದೂ ನಿಂತಂತೆ.

ಅದು ಅತ್ತಿತ್ತ ಓಲಾಡುತ್ತದೆ ಎನ್ನುವವರಿಗೂ ಉತ್ತರ ಉಂಟು. ಸುತ್ತ ಕತ್ತಲಿರುವಾಗ ಒಂದೇ ಒಂದು ಬೆಳಕನ್ನು ದಿಟ್ಟಿಸಿದರೆ ಕಣ್ಣಿಗೆ ಹಿಡಿತ ಸಿಗದೆ ಬೆಳಕೇ ಅಲ್ಲಾಡಿದಂತೆ ಆಗುತ್ತದೆ. ಮಂಜಿನ ಮೋಡ ಅದರ ಮುಂದೆ ಸರಿದರೆ, ಓಡುವುದು ಮೋಡವಾದರೂ ಓಡಿದಂತೆ ಕಾಣುವುದು ಬೆಳಕು. ಗುಡ್ಡದ ಅಂಚಿಗೆ ಇಳಿದಾಗ ದಪ್ಪ ಗಾಳಿಯ ಪದರದೊಳಗಿಂದ ಬರುವ ಬೆಳಕು ಕೆಂಪು, ಹಸಿರು ಅಂತ ಬಣ್ಣ ಬದಲಿಸುವುದೂ ಉಂಟು. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಪೂರ್ವ ದಿಕ್ಕಿಗೆ ಏಳುವ ಲುಬ್ಧಕ ನಕ್ಷತ್ರ ಈ ಬಣ್ಣದಾಟದಲ್ಲಿ ಎಲ್ಲರನ್ನೂ ಮೀರಿಸುತ್ತದೆ. ಅದನ್ನು ಕಂಡು ಹೆದರಿದವರೂ ಇದ್ದಾರೆ.

ಸೂರ್ಯ ಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಶುಕ್ರನಷ್ಟು ಹೊಳೆಯುವ ಗ್ರಹವಾಗಲಿ ನಕ್ಷತ್ರವಾಗಲಿ ಇನ್ನೊಂದಿಲ್ಲ. ಅದರ ಮೈತುಂಬ ದಟ್ಟ ಮೋಡ. ಬಿದ್ದ ಬಿಸಿಲಿನ ಮುಕ್ಕಾಲು ಪಾಲನ್ನು ವಾಪಸು ಎಸೆಯುತ್ತದೆ. ಒಂದಷ್ಟು ತಿಂಗಳು ಸಂಜೆ ಪಶ್ಚಿಮದಲ್ಲಿದ್ದು, ಕೆಲವು ದಿನ ಸೂರ್ಯನ ಬೆಳಕಿನಲ್ಲಿ ಮುಳುಗಿ, ಮತ್ತೆ ಮುಂಜಾನೆ ಪೂರ್ವದಲ್ಲಿ ಹಾಜರಾಗುತ್ತದೆ. 2022ರ ಜನವರಿ ಮುಗಿಯುವ ಹೊತ್ತಿಗೆ ಅದು ಹಾಗೇ ಪೂರ್ವಕ್ಕೆ ಬಂತು. "ದೆವ್ವ ಚಾರ್ಮಾಡಿ ಬಿಟ್ಟು ಈ ಕಡೆ ಗುಡ್ಡಕ್ಕೆ ಬಂತಂತೆ" ಎಂಬ ಮಾತನ್ನೂ ಕೇಳಿದ್ದಾಯಿತು! ಈ ಆಟ ಎಂಟು ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಅದೇ ತಾರೀಕಿಗೆ ಮರಳುತ್ತದೆ. 2013ರ ಡಿಸೆಂಬರಿನಲ್ಲಿ ಹೀಗೇ ಇತ್ತು, 2021ರಲ್ಲಿ ಆಯಿತು, 2029ರ ಡಿಸೆಂಬರಿನಲ್ಲಿ ಮತ್ತೆ ಆಗುತ್ತದೆ. ಅಂಗಡಿಯವರು ಬೇಕಾದರೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಳ್ಳಿ.

ಸೈನ್ಯಕ್ಕೂ ತಪ್ಪಿದ್ದಲ್ಲ

ಹಳ್ಳಿಯವರು ಮಾತ್ರ ಮೋಸ ಹೋಗುತ್ತಾರೆ ಎಂದು ಪೇಟೆಯವರು ನಗುವುದು ಬೇಡ. 2012ರ ಆಗಸ್ಟಿನಿಂದ 2013ರ ಫೆಬ್ರವರಿವರೆಗೆ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ಆಕಾಶದಲ್ಲಿ ಬೆಳಗುವ ವಸ್ತುಗಳನ್ನು ಕಂಡರು. ಒಂದಲ್ಲ ಎರಡಲ್ಲ, 329 ಬಾರಿ ಕಂಡದ್ದಾಗಿ ದಾಖಲಾಯಿತು. ಚೀನಾದವರು ಗೂಢಚಾರ ಡ್ರೋನ್ ಕಳಿಸುತ್ತಿದ್ದಾರೆ ಎಂಬ ಗುಮಾನಿ. ಕೊನೆಗೆ ಕರೆ ಹೋದದ್ದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ. ಅಲ್ಲಿನ ವಿಜ್ಞಾನಿಗಳು ಕೇಳಿದ್ದು ಸರಳ ಪ್ರಶ್ನೆ: ಆ ಬೆಳಕು ಸುತ್ತಲಿನ ನಕ್ಷತ್ರಗಳ ಜತೆಗೇ ಸರಿಯುತ್ತದೋ, ಅವುಗಳನ್ನು ಬಿಟ್ಟು ಓಡುತ್ತದೋ? ನೋಡಿದರೆ ಒಂದು ಗುರು ಗ್ರಹ, ಇನ್ನೊಂದು ಇದೇ ಶುಕ್ರ. ಎತ್ತರದ ತೆಳು ಗಾಳಿಯಲ್ಲಿ ಅವು ಇನ್ನಷ್ಟು ಪ್ರಕಾಶವಾಗಿ ಕಂಡಿದ್ದವು.

ಗಡಿಯಲ್ಲಿ ಕೈಯಲ್ಲಿ ಬಂದೂಕು ಹಿಡಿದು ನಿಂತವನಿಗೆ ಪ್ರತಿ ಬೆಳಕೂ ಶತ್ರು. ಕಣದಲ್ಲಿ ವರ್ಷದ ದುಡಿಮೆ ಹರಡಿ ಕೂತವನಿಗೆ ಪ್ರತಿ ಬೆಳಕೂ ಕಳ್ಳ. ಕಾಣುವುದು ಕಣ್ಣಾದರೂ ಅದಕ್ಕೆ ಹೆಸರಿಡುವುದು ಭಯ.

ಸಾಲು ದೀಪದ ರೈಲು

ಅದೇ 2021ರ ಡಿಸೆಂಬರಿನಲ್ಲಿ ಇನ್ನೊಂದು ಗಲಾಟೆ. ತಿಂಗಳ ಮೂರನೇ ವಾರ ಕಳೆಯುವ ಹೊತ್ತಿಗೆ ಘಟ್ಟದ ಕೆಳಗೆ ಉಡುಪಿ, ಮಂಗಳೂರು ಕಡೆ ರಾತ್ರಿ ಆಕಾಶದಲ್ಲಿ ದೀಪಗಳ ಸಾಲೊಂದು, ಒಂದರ ಹಿಂದೆ ಒಂದು, ಸದ್ದಿಲ್ಲದೆ ಹೋಯಿತು. ರೈಲಿನ ಬೋಗಿಯ ಹಾಗೆ. ಮೊಬೈಲಿನಲ್ಲಿ ಚಿತ್ರ ಘಟ್ಟ ಹತ್ತಿ ಬರಲು ಹತ್ತು ನಿಮಿಷ ಬೇಕಾಗಲಿಲ್ಲ.

ಇದು ಗ್ರಹವಲ್ಲ, ಮನುಷ್ಯನದೇ ಕೈವಾಡ. ಆ ಡಿಸೆಂಬರ್ 18ರಂದು ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಸ್ಪೇಸ್‌ಎಕ್ಸ್ ಕಂಪನಿ ಸ್ಟಾರ್‌ಲಿಂಕ್ ಎಂಬ 52 ಇಂಟರ್‌ನೆಟ್ ಉಪಗ್ರಹಗಳನ್ನು ಒಂದೇ ರಾಕೆಟ್ಟಿನಲ್ಲಿ ಹಾರಿಸಿತ್ತು. ಹಾರಿದ ಮೊದಲ ಕೆಲವು ದಿನ ಇವು ತಗ್ಗಿನ ಕಕ್ಷೆಯಲ್ಲಿ ಗುಂಪಾಗಿ ಓಡುತ್ತವೆ. ಆಮೇಲೆ ಮೆಲ್ಲಮೆಲ್ಲಗೆ ಸುಮಾರು 550 ಕಿಲೋಮೀಟರ್ ಎತ್ತರಕ್ಕೆ ಏರಿ ಚದುರುತ್ತವೆ. ಆಗ ಸಾಲೂ ಇಲ್ಲ, ಸುದ್ದಿಯೂ ಇಲ್ಲ. 2019ರ ಮೇ ತಿಂಗಳಿನಿಂದ ಶುರುವಾದ ಈ ಹಾರಾಟ ಇನ್ನೂ ನಡೆದೇ ಇದೆ. ಹಾಗಾಗಿ ಸಾಲು ದೀಪ ಮತ್ತೆ ಕಂಡರೆ ಗಾಬರಿ ಬೇಡ.

ಉಪಗ್ರಹಕ್ಕೆ ದೀಪ ಎಲ್ಲಿಂದ ಬಂತು ಅಂತ ಕೇಳಬಹುದು. ದೀಪ ಇಲ್ಲವೇ ಇಲ್ಲ. ಹೊತ್ತು ಮುಳುಗಿ ಚಿಕ್ಕಮಗಳೂರು ಪೇಟೆಯ ಅಂಗಡಿಗಳಲ್ಲಿ ಲೈಟು ಹತ್ತಿದ ಮೇಲೂ ಮುಳ್ಳಯ್ಯನಗಿರಿಯ ತುದಿಯಲ್ಲಿ ಸ್ವಲ್ಪ ಹೊತ್ತು ಬಿಸಿಲು ಉಳಿದಿರುತ್ತದಲ್ಲ? ಎರಡು ಕಿಲೋಮೀಟರೂ ಇಲ್ಲದ ಗಿರಿಗೇ ಹಾಗಾದರೆ ನೂರಾರು ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಎಷ್ಟು ಹೊತ್ತು ಬಿಸಿಲಿರಬೇಡ? ನಮಗೆ ಕತ್ತಲೆ, ಅದಕ್ಕೆ ಇನ್ನೂ ಹಗಲು. ಆ ಬಿಸಿಲೇ ನಮಗೆ ಬೆಳಕಾಗಿ ಕಾಣುವುದು. ಅದಕ್ಕೇ ಇವು ಕಾಣುವುದು ಹೆಚ್ಚಾಗಿ ಮುಸ್ಸಂಜೆಯ ಮೇಲೆ, ಇಲ್ಲವೇ ನಸುಕಿಗೆ ಮೊದಲು. ನಡು ಆಕಾಶದಲ್ಲಿ ಫಕ್ಕನೆ ಆರಿಹೋದರೆ ಭೂಮಿಯ ನೆರಳಿಗೆ ಹೋಯಿತು ಎಂದೇ ಲೆಕ್ಕ.

ಒಂಟಿಯಾಗಿ, ಮಿನುಗದೆ, ಸದ್ದಿಲ್ಲದೆ ಐದಾರು ನಿಮಿಷದಲ್ಲಿ ಆಕಾಶ ದಾಟುವ ದೊಡ್ಡ ಬೆಳಕು ಬಹುಮಟ್ಟಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಸುಮಾರು 400 ಕಿಲೋಮೀಟರ್ ಮೇಲೆ, ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಒಳಗೆ ಮನುಷ್ಯರಿದ್ದಾರೆ. ಕೈ ಬೀಸಿದರೆ ಅವರಿಗೆ ಕಾಣುವುದಿಲ್ಲ, ಆದರೆ ತಪ್ಪೇನೂ ಇಲ್ಲ.

"ಇದೆಲ್ಲ ಹಾಸನದವರದ್ದೇ" ಎನ್ನುವವರು ಮೂಡಿಗೆರೆಯಲ್ಲಿ ಬೇಕಾದಷ್ಟಿದ್ದಾರೆ. ಹಾಸನದಲ್ಲಿ 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಿಜ. ಆದರೆ ಅಲ್ಲಿಂದ ರಾಕೆಟ್ ಹಾರುವುದಿಲ್ಲ. ಅವರು ಮುಖ್ಯವಾಗಿ ನೋಡಿಕೊಳ್ಳುವ ಇನ್ಸಾಟ್ ಜಾತಿಯ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜತೆಗೇ ತಿರುಗುತ್ತವೆ. ಅವು ಬರಿಗಣ್ಣಿಗೆ ಕಾಣುವುದಿಲ್ಲ. ಹಾಸನದವರ ಮೇಲಿನ ಈ ಆಪಾದನೆಯನ್ನು ವಜಾ ಮಾಡಬಹುದು.

ಉರಿದು ಬೀಳುವವು

ಸೊಂಯ್ ಎಂದು ಗೀರಿ ಆರುವುದು ಉಲ್ಕೆ. ಹೆಚ್ಚಿನವು ಮರಳಿನ ಕಾಳಿನಷ್ಟೇ ಗಾತ್ರ. ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬಂದು ಸುಮಾರು 100 ಕಿಲೋಮೀಟರ್ ಮೇಲೆಯೇ ಉರಿದುಹೋಗುತ್ತವೆ. ಆಗಸ್ಟ್ 12ರ ಸುಮಾರಿನ ಪರ್ಸೀಡ್ ಉಲ್ಕಾವರ್ಷ ಜಗತ್ತಿಗೆಲ್ಲ ಪ್ರಸಿದ್ಧ. ಆದರೆ ಆ ಕಾಲಕ್ಕೆ ಮಲೆನಾಡಿನವರಿಗೆ ಕಾಣುವ ವರ್ಷ ಒಂದೇ, ಮಳೆ! ನಮಗೆ ದಕ್ಕುವುದು ಡಿಸೆಂಬರ್ 13, 14ರ ಜೆಮಿನಿಡ್. ಕೊಯ್ಲಿನ ಕಾಲ, ಕಣ ಕಾಯುವವರಿಗೆ ಪುಕ್ಕಟೆ ಪ್ರದರ್ಶನ.

ಉಲ್ಕೆ ಕ್ಷಣಾರ್ಧದ್ದು. ಅದರ ಬದಲು ಅರ್ಧ ನಿಮಿಷ, ಒಂದು ನಿಮಿಷ ಚೂರುಚೂರಾಗಿ ಉರಿಯುತ್ತಾ ಸಾಗಿದರೆ ಅದು ಹಳೇ ರಾಕೆಟ್ಟಿನ ಗುಜರಿ ಇರಬಹುದು. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶದ ಜನ ಕಂಡದ್ದು ಚೀನಾ ರಾಕೆಟ್ಟಿನ ಉಳಿಕೆ. ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆಯೇ ಬಿತ್ತು. ನಮ್ಮ ರಾಜ್ಯದಲ್ಲಿ 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮನೆಯೊಂದರ ಮೇಲೆ ಭಾರೀ ಬಲೂನೊಂದು ಇಳಿದು ಊರೇ ಗಾಬರಿಯಾಯಿತು. ಅದು ಹೈದರಾಬಾದಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರದಿಂದ ಹಾರಿಸಿದ ವಿಜ್ಞಾನದ ಬಲೂನು. ಅಂಥದ್ದೇನಾದರೂ ತೋಟಕ್ಕೆ ಬಿದ್ದರೆ ಮುಟ್ಟಬಾರದು, ಗುಜರಿ ಅಂಗಡಿಗೂ ಹಾಕಬಾರದು. ರಾಕೆಟ್ ಚೂರಿನಲ್ಲಿ ವಿಷದ ಇಂಧನ ಉಳಿದಿರಬಹುದು. ಪೊಲೀಸರಿಗೆ ತಿಳಿಸಿ, ಮಕ್ಕಳನ್ನು ದೂರ ಇಡಿ.

ತಟ್ಟೆ ಹುಟ್ಟಿದ್ದು ಪತ್ರಿಕೆಯಲ್ಲಿ

ಹಾರುವ ತಟ್ಟೆ ಎಂಬ ಹೆಸರೇ ನಮ್ಮ ವೃತ್ತಿಯವರ ಕಾಣಿಕೆ. 1947ರ ಜೂನ್ 24ರಂದು ಅಮೆರಿಕದ ಕೆನೆತ್ ಆರ್ನಾಲ್ಡ್ ಎಂಬ ವಿಮಾನ ಚಾಲಕ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡೆನೆಂದ. ನೀರಿನ ಮೇಲೆ ಬಟ್ಟಲ ತಟ್ಟೆ ಎಸೆದರೆ ನೆಗೆಯುವಂತೆ ಅವು ಹಾರಿದವು ಎಂದು ಹಾರಿದ ರೀತಿಯನ್ನು ಹೇಳಿದ. ಪತ್ರಿಕೆಗಳು ಅದನ್ನು ಆಕಾರಕ್ಕೆ ಹಚ್ಚಿದವು. ಅಲ್ಲಿಂದ ಮುಂದೆ ಜನರಿಗೆ ಕಂಡದ್ದೆಲ್ಲ ತಟ್ಟೆಯೇ! ಅಮೆರಿಕದ ವಾಯುಸೇನೆ 1969ರವರೆಗೆ ಇಂಥ 12,618 ವರದಿಗಳನ್ನು ಪರಿಶೀಲಿಸಿತು. ವಿವರಣೆ ಸಿಗದೆ ಉಳಿದದ್ದು 701. ಉಳಿದವುಗಳಲ್ಲಿ ನಕ್ಷತ್ರ, ಗ್ರಹ, ಬಲೂನು, ವಿಮಾನಗಳದ್ದೇ ದೊಡ್ಡ ಪಾಲು. ವಿವರಣೆ ಸಿಗಲಿಲ್ಲ ಎಂದರೆ ಬೇರೆ ಲೋಕದವರು ಬಂದರು ಎಂದಲ್ಲ. ಕಂಡವರು ಕೊಟ್ಟ ವಿವರ ಸಾಲಲಿಲ್ಲ ಎಂದೂ ಆಗಬಹುದು.

ಈ ಇಡೀ ಕಥೆಯನ್ನು ಕನ್ನಡಿಗರಿಗೆ ರಸವತ್ತಾಗಿ ಹೇಳಿದವರು ನಮ್ಮ ಮೂಡಿಗೆರೆಯವರೇ ಆಗಿದ್ದ ಪೂರ್ಣಚಂದ್ರ ತೇಜಸ್ವಿ. 2007ರಲ್ಲಿ ತೀರಿಕೊಂಡ ಅವರು 'ಫ್ಲೈಯಿಂಗ್ ಸಾಸರ್ಸ್' ಎಂಬ ಹೆಸರಿನಲ್ಲೇ ಎರಡು ಭಾಗ ಬರೆದರು. ಓದದವರು ಓದಿ. ಬಸ್ಸು ತಡವಾದರೂ ಬೇಸರವಾಗದು.

ನೋಡಿದರೆ ಹೀಗೆ ನೋಡಿ

ಬೆಳಕು ಕಂಡ ತಕ್ಷಣ ಫೋನು ತೆಗೆಯುವ ಮೊದಲು ನಾಲ್ಕು ಮಾತು ಬರೆದುಕೊಳ್ಳಿ. ಹೊತ್ತು ಎಷ್ಟು? ದಿಕ್ಕು ಯಾವುದು? ಮನೆಯ ಮೂಲೆ ಅಥವಾ ಕಂಬಕ್ಕೆ ಕಣ್ಣಳತೆ ಹಿಡಿದು ನೋಡಿದರೆ ಹತ್ತು ನಿಮಿಷದಲ್ಲಿ ಎಷ್ಟು ಸರಿಯಿತು? ನಾಳೆ ಅದೇ ಹೊತ್ತಿಗೆ ಅಲ್ಲೇ ಇದೆಯೇ? ನಾಳೆಯೂ ಅಲ್ಲೇ ಇದ್ದರೆ ಗ್ರಹ, ಇಲ್ಲವೇ ನಕ್ಷತ್ರ. ಕೆಂಪು ಹಸಿರು ದೀಪ ಮಿಟುಕಿದರೆ ವಿಮಾನ. ಮಂಗಳೂರಿನ ಬಜ್ಪೆಗೆ ಹೋಗುವ ವಿಮಾನ ನಮ್ಮ ಕಡೆಗೇ ಮುಖ ಮಾಡಿ ಬಂದರೆ ಅದರ ಮುಂದಿನ ದೀಪ ನಿಮಿಷಗಟ್ಟಲೆ ನಿಂತೇ ಇದ್ದಂತೆ ಕಾಣುತ್ತದೆ. ಮಂಜಿನ ಮೇಲೆ ಬೆಳಕಿನ ಕೋಲು ಆಡಿದರೆ ಘಾಟಿಯ ತಿರುವಿನಲ್ಲಿ ಲಾರಿಯ ಹೆಡ್‌ಲೈಟೋ, ರೆಸಾರ್ಟಿನವರ ಫೋಕಸ್ ದೀಪವೋ ಇರಬಹುದು. ಇನ್ನೊಂದು ಮಾತು: ನಮ್ಮ ಕಡೆ ಆನೆ ಕಾಟ ಇರುವುದು ಗೊತ್ತಲ್ಲ, ಮೇಲೆ ನೋಡುತ್ತಾ ತೋಟದೊಳಗೆ ನಡೆಯಬೇಡಿ.

ನೋಡಿ ಸುಮ್ಮನಿರಬಾರದ ಬೆಳಕು

ಕೊನೆಗೆ ಒಂದು ತಪ್ಪೊಪ್ಪಿಗೆ. ಕೆಲವು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ರಾತ್ರಿ, ಕಳಸದ ಕಡೆ ಬಸ್ಸು ಕಾಯುತ್ತಿದ್ದಾಗ ಎದುರಿನ ಗುಡ್ಡದ ಮೇಲೆ ಕೆಂಪು ಗೆರೆಯೊಂದು ಕಂಡಿತು. ಹಾವಿನ ಹಾಗೆ ಸಣ್ಣಗೆ ಹೊರಳುತ್ತಿತ್ತು. ಹತ್ತು ಹನ್ನೆರಡು ಜನ ಸೇರಿದ್ದೆವು. ದೊಂದಿ ಹಿಡಿದ ದೈವ ಎಂದರೊಬ್ಬರು, ಹೊಸ ರಸ್ತೆಯ ದೀಪ ಎಂದರೊಬ್ಬರು. ವಾದ ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಬಸ್ಸು ಬಂತು, ಹತ್ತಿದೆವು. ಈ ಅಂಕಣಕಾರನೂ ಹತ್ತಿದ.

ಬೆಳಿಗ್ಗೆ ವಾಪಸು ಬರುವಾಗ ಆ ಗುಡ್ಡದ ಒಂದು ಮಗ್ಗುಲು ಕರಿ ಕಂಬಳಿ ಹೊದ್ದಿತ್ತು. ಹುಲ್ಲು ಹೋಗಿತ್ತು, ಶೋಲಾ ಕಾಡಿನ ಅಂಚು ಸುಟ್ಟಿತ್ತು, ಹೊಗೆ ಇನ್ನೂ ಏಳುತ್ತಿತ್ತು. ಕಾಡ್ಗಿಚ್ಚು. ನಮ್ಮ ಹನ್ನೆರಡು ಜನರ ಕಿಸೆಯಲ್ಲೂ ಫೋನ್ ಇತ್ತು. ಚಿತ್ರ ತೆಗೆದವರಿದ್ದರು, ಕರೆ ಮಾಡಿದವರು ಒಬ್ಬರೂ ಇರಲಿಲ್ಲ.

ಆದ್ದರಿಂದ ಓದುಗರೇ, ಲೆಕ್ಕ ಇಷ್ಟೇ. ಬೆಳಕು ಬಿಳಿಯಾಗಿ ಆಕಾಶದಲ್ಲಿದ್ದರೆ ನಿಧಾನವಾಗಿ ನೋಡಿ, ನಾಳೆಯೂ ನೋಡಿ. ಅದಕ್ಕೆ ಕೋಟಿಗಟ್ಟಲೆ ವರ್ಷದ ಪುರುಸೊತ್ತಿದೆ. ಕೆಂಪಾಗಿ ಗುಡ್ಡಕ್ಕೆ ಅಂಟಿಕೊಂಡು ಹರಡುತ್ತಿದ್ದರೆ ವಾದ ಬೇಡ, 112ಕ್ಕೆ ಫೋನ್ ಮಾಡಿ. ಬೆಂಕಿಗೆ ಪುರುಸೊತ್ತಿಲ್ಲ.

ಕೊಟ್ಟಿಗೆಹಾರದ ಶೆಟ್ಟರು ಈಗ ಬೆಳ್ಳಿ ಚುಕ್ಕಿಯ ಬಗ್ಗೆ ಗಿರಾಕಿಗಳಿಗೆ ತಾವೇ ಪಾಠ ಹೇಳುತ್ತಾರೆ. ಕಂಡಕ್ಟರ್ ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ. "ಶುಕ್ರನೇ ಇರ್ಬೋದು ಸಾರ್. ಆದ್ರೆ ಟಿಕೆಟ್ ಇಲ್ದೆ ಬಣಕಲ್ಲಿನಿಂದ ಬಂದದ್ದು ನಿಜ" ಅನ್ನುತ್ತಾನೆ.